ತುಂಬಿದ ಮನೆಯೂ ತೆರೆಯದ ಕೋಣೆಯೂ



ಸುಗ್ಗಿ ತೀರಿ ಕೈಗೆ ಸ್ವಲ್ಪ ಬಿಡುವು ದೊರೆತ ಮೇಲೆ ಮನೆಗೆ ಸುಣ್ಣ ಬಳಿಯುವ ವಾಡಿಕೆಯು ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಆ ದಿನ ಒಳಗಿನ ಸಾಮಾನೆಲ್ಲಾ ಅಂಗಳಕ್ಕೆ ಬರುತ್ತದೆ. ಅಟ್ಟದ ಮೇಲಿನ ಗಡಿಗೆಗಳು, ತೂತು ಬಿದ್ದ ಕೊಡಗಳು, ಕಾಲು ಮುರಿದ ಮಣೆ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಎಂದೋ ಮದುವೆಯಲ್ಲಿ ಬಂದು ಇನ್ನೂ ಕಾಗದ ಬಿಚ್ಚದ ಸ್ಟೀಲು ತಟ್ಟೆಗಳು, ಮಕ್ಕಳಿಗೆ ಚಿಕ್ಕವಾದ ಅಂಗಿಗಳು, ಮಾತನಾಡದ ಮೊಬೈಲುಗಳು, ಅವಧಿ ತೀರಿದ ಗುಳಿಗೆಗಳು, ಇವೆಲ್ಲವೂ ಬಿಸಿಲಿನಲ್ಲಿ ಸಾಲಾಗಿ ಕೂತಿರುವಾಗ ಯಜಮಾನನು ನಡುವೆ ನಿಂತು, ಮೂರು ಅಂಕಣದ ಮನೆಯೊಳಗೆ ಇಷ್ಟೆಲ್ಲಾ ಹೇಗೆ ಹಿಡಿಯಿತೆಂದು ಆಶ್ಚರ್ಯಪಡುತ್ತಾನೆ. ಸಾಯಂಕಾಲಕ್ಕೆ ಸುಣ್ಣವು ಒಣಗುತ್ತದೆ. ಆಗ ಏನಾಗುತ್ತದೆ? ಹೊರಗೆ ಬಂದದ್ದೆಲ್ಲವೂ ಧೂಳು ಒರಸಿಕೊಂಡು ತಿರಿಗಿ ಒಳಗೆ ಹೋಗುತ್ತದೆ. ಗೋಡೆಯು ಬೆಳ್ಳಗಾಯಿತು, ಮನೆಯು ಮಾತ್ರ ಹಿಂದಿನಂತೆಯೇ ಉಳಿಯಿತು.

ಈ ಲೇಖನವು ಆ ಸಾಯಂಕಾಲದ ವಿಷಯವಾಗಿ ಬರೆಯಲ್ಪಟ್ಟದ್ದು. ಯಾವದು ಒಳಗೆ ಹೋಗತಕ್ಕದ್ದು? ಯಾವದು ಹೋಗತಕ್ಕದ್ದಲ್ಲ? ಅದನ್ನು ನಿರ್ಣಯಿಸತಕ್ಕವರು ಯಾರು? ಇದು ಕಸಬರಿಗೆಯ ಪ್ರಶ್ನೆಯೇ ಹೊರತು ಧರ್ಮದ ಪ್ರಶ್ನೆಯಲ್ಲವೆಂದು ಕೆಲವರು ನಗಬಹುದು. ಆದರೆ ಒಂದು ವಸ್ತುವನ್ನು ನನ್ನದೆಂದು ಹೇಳುವದರ ಅರ್ಥವೇನೆಂಬ ದೊಡ್ಡ ಪ್ರಶ್ನೆಯು ಅದರೊಳಗೆ ಅಡಗಿಕೊಂಡಿದೆ. ಇದನ್ನು ಯೋಚಿಸುವದಕ್ಕೆ ನಮ್ಮ ಸೀಮೆಯಲ್ಲಿ ಹಂಪಿ ಬಜಾರಿಗಿಂತ ತಕ್ಕ ಸ್ಥಳವಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯವರಲ್ಲಿ ಅನೇಕರು ಆ ಬೀದಿಯನ್ನು ಕಂಡವರೇ. ವಿರೂಪಾಕ್ಷನ ಗುಡಿಯ ಗೋಪುರದಿಂದ ಹೊರಟು ಪೂರ್ವಕ್ಕೆ ಕಲ್ಲಿನ ದೊಡ್ಡ ಬಸವಣ್ಣನ ವರೆಗೆ ಅದು ನೆಟ್ಟಗೆ ಹೋಗುತ್ತದೆ. ಎರಡು ಕಡೆಗಳಲ್ಲಿಯೂ ಕಲ್ಲುಕಂಬಗಳ ಮಂಟಪಗಳು ಸಾಲಾಗಿ ನಿಂತಿವೆ. ಆ ಸ್ಥಳವು ನಮಗೆ ಎರಡು ಪಾಠಗಳನ್ನು ಹೇಳುತ್ತದೆ. ಒಂದು ಕೂಡಿಡುವವರಿಗೆ, ಇನ್ನೊಂದು ತೆರವು ಮಾಡುವವರಿಗೆ.

೧. ಮುದ್ರೆ ಬಿದ್ದ ಭಂಡಾರ

ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ, ಪೋರ್ಚುಗಲ್ ದೇಶದವನಾದ ಡೊಮಿಂಗೊ ಪಾಯೆಸ್ ಎಂಬವನು ವಿಜಯನಗರಕ್ಕೆ ಬಂದು ತಾನು ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟನು. ರಾಬರ್ಟ್ ಸೆವೆಲ್ ಎಂಬವನು ೧೯೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ ಸೇರಿಸಿದ್ದಾನೆ. ಅದರಲ್ಲಿ ಅರಸರ ಭಂಡಾರದ ವಿಷಯವಾಗಿ ಒಂದು ವಿಚಿತ್ರವಾದ ಪದ್ಧತಿಯು ಹೇಳಲ್ಪಟ್ಟಿದೆ. ಹೇಗೆಂದರೆ, ಒಬ್ಬೊಬ್ಬ ಅರಸನು ತೀರಿಕೊಂಡಾಗಲೂ ಅವನು ಕೂಡಿಸಿದ ಭಂಡಾರಕ್ಕೆ ಬೀಗವೂ ಮುದ್ರೆಯೂ ಬೀಳುತ್ತಿದ್ದವು. ಆಮೇಲೆ ಪಟ್ಟಕ್ಕೆ ಬಂದವನು ಅದನ್ನು ತೆರೆಯುತ್ತಿರಲಿಲ್ಲ. ಒಳಗೆ ಏನೇನಿದೆ ಎಂಬದನ್ನು ತಿಳಿಯುತ್ತಲೂ ಇರಲಿಲ್ಲ. ಬಹು ದೊಡ್ಡ ಅಗತ್ಯವು ಬಂದರೆ ಮಾತ್ರ ಅದನ್ನು ತೆರೆಯಬಹುದಾಗಿತ್ತು. ಕೃಷ್ಣದೇವರಾಯನು ಕೂಡ ಹಿಂದಿನವರ ಭಂಡಾರಗಳನ್ನು ಮುಟ್ಟದೆ ತನ್ನದನ್ನು ಬೇರೆಯಾಗಿ ಮಾಡಿಕೊಂಡು ವರುಷ ವರುಷಕ್ಕೂ ಅದಕ್ಕೆ ಕೂಡಿಸುತ್ತಿದ್ದನೆಂದು ಪಾಯೆಸನು ಹೇಳುತ್ತಾನೆ.

ವಾಚಕರೇ, ಆ ಕೋಣೆಗಳ ವಿಷಯ ಸ್ವಲ್ಪ ಯೋಚಿಸಿರಿ. ಅಜ್ಜನ ಕೋಣೆ ಮುಚ್ಚಿದೆ, ತಂದೆಯ ಕೋಣೆ ಮುಚ್ಚಿದೆ, ಮಗನು ತನ್ನ ಕೋಣೆಯನ್ನು ತುಂಬಿಸುತ್ತಿದ್ದಾನೆ, ಅದೂ ಒಂದು ದಿನ ಮುಚ್ಚಲ್ಪಡುವದು. ಒಳಗಿರುವ ಬಂಗಾರವು ಯಾರದು? ಸತ್ತವನದಲ್ಲ, ಯಾಕಂದರೆ ಅವನು ಹೋದನು. ಬದುಕಿರುವವನದಲ್ಲ, ಯಾಕಂದರೆ ಅವನು ಅದನ್ನು ನೋಡಿಯೇ ಇಲ್ಲ. ಬಾಗಿಲು ಕಾಯುವವನದಂತೂ ಅಲ್ಲ. ಲೆಕ್ಕದಲ್ಲಿ ಅದು ಉಂಟು, ಬಾಳಿನಲ್ಲಿ ಇಲ್ಲ.

೧೫೬೫ರ ಜನವರಿ ತಿಂಗಳಲ್ಲಿ ರಕ್ಕಸತಂಗಡಿಯ ಹತ್ತಿರ ನಡೆದ ಯುದ್ಧದಲ್ಲಿ ರಾಮರಾಯನು ಹತನಾದನು. ಸುದ್ದಿಯು ಪಟ್ಟಣಕ್ಕೆ ಮುಟ್ಟಿದ ಕೂಡಲೆ ಅರಮನೆಯವರು ಐನೂರೈವತ್ತು ಆನೆಗಳ ಮೇಲೆ ಬಂಗಾರವನ್ನೂ ರತ್ನಗಳನ್ನೂ ಹೇರಿಕೊಂಡು ಪೆನುಕೊಂಡೆಯ ಕಡೆಗೆ ಹೊರಟುಹೋದರೆಂದು ಸೆವೆಲ್ ಬರೆಯುತ್ತಾನೆ. ಪಟ್ಟಣವು ಕಾಯುವವರಿಲ್ಲದೆ ಉಳಿಯಿತು. ತಿಂಗಳುಗಟ್ಟಲೆ ಸುಲಿಗೆಯೂ ಬೆಂಕಿಯೂ ನಡೆದವು. ಹಾಳು ಹಂಪೆ ಎಂಬ ಹೆಸರು ಇಂದಿನ ವರೆಗೂ ಜನರ ಬಾಯಲ್ಲಿದೆ. ಭಂಡಾರವನ್ನು ಮುಚ್ಚಿಟ್ಟದ್ದರಿಂದಲೇ ರಾಜ್ಯವು ಬಿತ್ತೆಂದು ನಾನು ಹೇಳುವದಿಲ್ಲ. ರಾಜ್ಯಗಳು ಬೀಳುವದಕ್ಕೆ ಬೇರೆ ಅನೇಕ ಕಾರಣಗಳುಂಟು. ಆದರೆ ಇಷ್ಟನ್ನು ಹೇಳಬಹುದು. ಆ ದಿನ ಆನೆಗಳ ಬೆನ್ನಿನ ಮೇಲೆ ಬಂಗಾರಕ್ಕೆ ಸ್ಥಳವು ದೊರೆಯಿತು; ಪಟ್ಟಣದ ಜನರಿಗೆ ದೊರೆಯಲಿಲ್ಲ.

ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಹೋಗೋಣ.

೨. ಕೂಡಿಡುವದೇ ತಪ್ಪೋ?

ಇಲ್ಲಿ ಒಬ್ಬ ಹಿರಿಯ ರೈತನು ಎದ್ದು, ಅಯ್ಯಾ, ಅರಸರ ಕಥೆ ಅರಸರಿಗೆ. ನಾವು ಬಡವರು, ಇಂದು ಬಿಸಾಡಿದ್ದನ್ನು ನಾಳೆ ಕೊಳ್ಳುವ ಶಕ್ತಿ ನಮಗೆ ಇಲ್ಲ. ಮುರಿದ ಗುದ್ದಲಿಯ ಕಾವು ಇನ್ನೊಂದಕ್ಕೆ ಬರುತ್ತದೆ, ಹಳೇ ಸೀರೆಯು ಕೌದಿಗೆ ಬರುತ್ತದೆ, ಹರಕು ಚೀಲವು ಬಿತ್ತನೆಯ ಕಾಲಕ್ಕೆ ಬರುತ್ತದೆ, ಎಂದು ಹೇಳಬಹುದು. ಅವನ ಮಾತು ನಿಜ. ಅದನ್ನು ಹಗುರವಾಗಿ ತಳ್ಳಿಬಿಡುವವನು ಈ ಸೀಮೆಯನ್ನು ಅರಿಯನು.

೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರಗಾಲವು, ಅಂದರೆ ಧಾತು ಈಶ್ವರ ಸಂವತ್ಸರಗಳ ಬರವು, ಬಳ್ಳಾರಿ ಸೀಮೆಯನ್ನು ಎಷ್ಟು ಕಠಿಣವಾಗಿ ಹೊಡೆಯಿತೆಂದು ಚರಿತ್ರೆಯು ಹೇಳುತ್ತದೆ. ಅಂಥಾ ಕಾಲವನ್ನು ದಾಟಿ ಬಂದವರ ಮಕ್ಕಳೂ ಮೊಮ್ಮಕ್ಕಳೂ ಒಂದು ಹಿಡಿ ಕಾಳನ್ನೂ ಒಂದು ತುಂಡು ಹಗ್ಗವನ್ನೂ ಬಿಸಾಡಲಾರದೆ ಹೋದರೆ ಅದು ದುರಾಶೆಯಲ್ಲ. ಅದು ಹಸಿವು ಕಲಿಸಿದ ಬುದ್ಧಿ.

ಆದರೆ ಅದೇ ಹಿರಿಯರು ಹೇಗೆ ಕೂಡಿಟ್ಟರೆಂಬದನ್ನೂ ನೋಡಬೇಕು. ಅವರು ನೆಲದಲ್ಲಿ ಹಗೇವು ತೋಡಿ ಜೋಳವನ್ನು ತುಂಬಿಸುತ್ತಿದ್ದರು. ಹಗೇವನ್ನು ಮರೆತು ಬಿಡುವದಕ್ಕಾಗುವದಿಲ್ಲ. ನೀರು ಇಳಿಯಿತೋ ಎಂದು ನೋಡಬೇಕು. ತಕ್ಕ ಕಾಲದಲ್ಲಿ ಬಾಯಿ ತೆರೆಯಬೇಕು. ಕೆಟ್ಟ ಗಾಳಿಯು ಹೊರಡುವ ವರೆಗೆ ಕಾದು ಒಳಗೆ ಇಳಿಯಬೇಕು. ಹಳೆಯದನ್ನು ತೆಗೆದು ಉಪಯೋಗಿಸಿ ಹೊಸದನ್ನು ಹಾಕಬೇಕು. ಬಿತ್ತನೆಗೆ ಬೀಜವಿಲ್ಲದ ನೆರೆಯವನಿಗೆ ಅದರಿಂದಲೇ ಕೊಡಬೇಕು. ಆದಕಾರಣ ಹಗೇವು ಒಂದು, ಮುದ್ರೆ ಬಿದ್ದ ಭಂಡಾರವು ಇನ್ನೊಂದು. ಎರಡರಲ್ಲಿಯೂ ಸಾಮಾನು ಕೂಡಿದೆ. ಆದರೆ ಹಗೇವಿಗೆ ಬಾಯಿ ಉಂಟು. ಒಳಗೆ ಹೋದದ್ದು ಹೊರಗೆ ಬರುತ್ತದೆ. ಭಂಡಾರಕ್ಕೆ ಬಾಯಿ ಇಲ್ಲ, ಹೊಟ್ಟೆ ಮಾತ್ರ ಉಂಟು. ಕಣಜಗಳನ್ನು ಕೆಡವಿ ಹೆಚ್ಚು ದೊಡ್ಡವುಗಳನ್ನು ಕಟ್ಟಿಸಬೇಕೆಂದಿದ್ದ ಐಶ್ವರ್ಯವಂತನ ಸಾಮ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಅವನಿಗೆ ಬೆಳೆಯು ಚೆನ್ನಾಗಿ ಆದದ್ದು ತಪ್ಪಲ್ಲ. ಹೊರಗೆ ಕೊಡುವ ಬಾಗಿಲನ್ನು ಇಡದೆ ಕಟ್ಟಲಿಕ್ಕೆ ಯೋಚಿಸಿದ್ದೇ ತಪ್ಪು.

ಈ ಅಳತೆಯಿಂದ ನಮ್ಮ ಅಟ್ಟವನ್ನು ಅಳೆದು ನೋಡೋಣ. ಅದು ಹಗೇವೋ, ಭಂಡಾರವೋ?

೩. ಮನೆಯು ತುಂಬುವದಕ್ಕೆ ಕಾರಣಗಳು

ಮೊದಲನೆಯ ಕಾರಣವು ನಾಳೆಯ ಭಯ. ಅದರ ವಿಷಯ ಮೇಲೆ ಹೇಳಿದೆ.

ಎರಡನೆಯದು ಮುಯ್ಯಿಯ ಸಂಕೋಲೆ. ಮದುವೆಯಲ್ಲಿ ಅವರು ಒಂದು ಸ್ಟೀಲು ಕೊಡವನ್ನು ಕೊಟ್ಟರು. ಅವರ ಮನೆಯ ಮದುವೆಗೆ ನಾವು ಅದಕ್ಕಿಂತ ದೊಡ್ಡದನ್ನು ಕೊಡಬೇಕು. ಈ ಪ್ರಕಾರ ಕೊಡಗಳು ಊರಿಂದೂರಿಗೆ ತಿರುಗುತ್ತವೆ; ಯಾವದರಲ್ಲಿಯೂ ಯಾರೂ ನೀರು ತುಂಬುವದಿಲ್ಲ. ಪಾತ್ರೆಯು ಪಾತ್ರೆಯಾಗಿ ಉಳಿಯದೆ ಸಾಲದ ಪತ್ರವಾಗಿ ಬಿಟ್ಟಿದೆ.

ಮೂರನೆಯದು ಮಾನದ ಆಶೆ. ಬಂದವರು ನೋಡಲೆಂದು ಗಾಜಿನ ಬೀರುವಿನಲ್ಲಿ ಬಟ್ಟಲುಗಳನ್ನು ಇಡುತ್ತೇವೆ. ಬಂದವರಿಗೆ ಚಹವನ್ನು ಕೊಡುವದು ಮಾತ್ರ ಅಡಿಗೆಮನೆಯ ಸೊಟ್ಟ ಲೋಟದಲ್ಲಿ. ಬೀರುವಿನ ಬಟ್ಟಲನ್ನು ಮುಟ್ಟಕೂಡದು. ಅತಿಥಿಗೋಸ್ಕರ ಕೊಂಡದ್ದು ಅತಿಥಿಗೆ ನಿಷೇಧವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನಾಲ್ಕನೆಯದು ಅಗ್ಗದ ಬೆಲೆ. ಹಿಂದೆ ಒಂದು ತಾಮ್ರದ ಹಂಡೆಯನ್ನು ಕೊಳ್ಳಬೇಕಾದರೆ ಎರಡು ಸುಗ್ಗಿಗಳ ಯೋಚನೆ ಬೇಕಾಗುತ್ತಿತ್ತು. ಈಗ ಸಂತೆಯಲ್ಲಿ ಪ್ಲಾಸ್ಟಿಕ್ಕಿನ ಬುಟ್ಟಿಯನ್ನು ಯೋಚಿಸದೆ ಕೊಳ್ಳುತ್ತೇವೆ. ಯೋಚಿಸದೆ ಬಂದದ್ದು ಯೋಚಿಸದೆ ಉಳಿಯುತ್ತದೆ. ಮಣ್ಣಿನ ಗಡಿಗೆಯು ಒಡೆದರೆ ಮಣ್ಣಿಗೆ ಸೇರುತ್ತದೆ. ಇದಾದರೋ ಒಡೆದ ಮೇಲೆಯೂ ಹೋಗದು.

ಐದನೆಯದು ಸತ್ತವರ ನೆನಪು. ತಾಯಿಯ ಸೀರೆ, ತಂದೆಯ ಕೋಲು, ಬೇಗನೆ ತೀರಿಕೊಂಡ ಮಗುವಿನ ಕುಲಾಯಿ. ಇವುಗಳ ಮುಂದೆ ಯಾವ ಉಪದೇಶವೂ ಮೆಲ್ಲಗೆ ಮಾತಾಡತಕ್ಕದ್ದು. ಆದರೂ ಹೇಳುವೆನು. ತಾಯಿಯ ಹತ್ತು ಸೀರೆಗಳನ್ನು ಪೆಟ್ಟಿಗೆಯಲ್ಲಿ ನುಸಿಗೆ ಒಪ್ಪಿಸುವದು ನೆನಪಲ್ಲ. ಒಂದನ್ನು ಇಟ್ಟುಕೊಂಡು ಉಳಿದವುಗಳಿಂದ ಮೊಮ್ಮಕ್ಕಳಿಗೆ ಕೌದಿಯನ್ನು ಹೊಲಿದರೆ, ಆ ತಾಯಿಯು ಚಳಿಗಾಲದ ರಾತ್ರಿಯಲ್ಲಿ ಅವರನ್ನು ಇನ್ನೂ ಹೊದಿಸುವಳು. ನಮ್ಮ ಸೀಮೆಯ ಹೆಂಗಸರು ಇದನ್ನು ಯಾರೂ ಕಲಿಸದೆ ಬಲ್ಲವರಾಗಿದ್ದರು.

ಜಪಾನ್ ದೇಶದ ಮಾರಿಯೆ ಕೊಂಡೊ ಎಂಬ ಸ್ತ್ರೀಯು ಮನೆಯನ್ನು ಒಪ್ಪವಾಗಿಡುವ ವಿಷಯವಾಗಿ ಬರೆದ ಪುಸ್ತಕವು ೨೦೧೪ರಲ್ಲಿ ಇಂಗ್ಲಿಷಿಗೆ ಬಂದು ಲೋಕದಲ್ಲೆಲ್ಲಾ ಹರಡಿತು. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ನನಗೆ ಸಂತೋಷವನ್ನು ಕೊಡುತ್ತದೋ ಎಂದು ಕೇಳಿಕೊಳ್ಳಬೇಕೆಂಬದು ಅವಳ ಸೂತ್ರ. ಮರೆತದ್ದನ್ನು ಕೈಯಲ್ಲಿ ಹಿಡಿಯಬೇಕೆಂಬದು ಒಳ್ಳೇ ಮಾತು. ಅಷ್ಟರಿಂದಲೇ ಎಷ್ಟೋ ಮುದ್ರೆಗಳು ಒಡೆಯುತ್ತವೆ. ಆದರೆ ಆ ಪ್ರಶ್ನೆಯು ನಮ್ಮ ಮನೆಗಳಿಗೆ ಸಾಲದು. ಕುಡುಗೋಲು ಯಾರಿಗೂ ಸಂತೋಷವನ್ನು ಕೊಡುವದಿಲ್ಲ; ಆದರೂ ಅದು ಇರಬೇಕು. ಗಾಜಿನ ಬೀರು ಬಹಳ ಸಂತೋಷವನ್ನು ಕೊಡುತ್ತದೆ. ಅದಕ್ಕೆ ಸ್ಥಳ ಮಾಡುವದಕ್ಕೆ ಅಜ್ಜಿಯ ಮಂಚವು ಹೊರಗೆ ಹೋಗಿರಬಹುದು. ಆದದರಿಂದ ನಾವು ಕೇಳಬೇಕಾದ ಪ್ರಶ್ನೆಯು ಬೇರೆ. ಅದೇನೆಂದರೆ, ಈ ವಸ್ತುವು ಯಾರಿಗೆ ಸೇವೆ ಮಾಡುತ್ತದೆ, ಮತ್ತು ಇದು ಯಾರ ಸ್ಥಳವನ್ನು ತೆಗೆದುಕೊಂಡಿದೆ?

೪. ಮೊದಲು ಸ್ಥಳ ಕಳಕೊಳ್ಳುವವರು

ಒಂದು ಮನೆಯನ್ನು ಭಾವಿಸಿಕೊಳ್ಳಿರಿ. ಮಗನ ಮದುವೆಗೆ ಮಂಚ, ಬೀರು, ಟೀವಿಯ ಪೆಟ್ಟಿಗೆ ಬಂದವು. ಮೂಲೆಯಲ್ಲಿ ಮಲಗುತ್ತಿದ್ದ ಅಜ್ಜಿಯನ್ನು, ಅವ್ವಾ, ಪಡಸಾಲೆಯಲ್ಲಿ ಗಾಳಿ ಚೆನ್ನಾಗಿದೆ, ಎಂದು ಹೇಳಿ ಹೊರಗೆ ಮಲಗಿಸಿದರು. ಮುಂದಿನ ವರುಷ ಪಡಸಾಲೆಗೆ ಗೊಬ್ಬರದ ಚೀಲಗಳು ಬಂದವು. ಆಗ ಅವಳ ಹಾಸಿಗೆಯು ದನಗಳ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಯಾರೂ ಅವಳಿಗೆ ಕೆಟ್ಟ ಮಾತನ್ನು ಆಡಲಿಲ್ಲ. ಹೊತ್ತು ಹೊತ್ತಿಗೆ ಅನ್ನ ಕೊಟ್ಟರು. ಆದರೆ ಒಳಗಿನ ಒಂದು ಡಬ್ಬಿಯನ್ನೂ ಕದಲಿಸದೆ ಅವಳನ್ನು ಎರಡು ಸಾರಿ ಕದಲಿಸಿದರು.

ತುಂಬಿದ ಮನೆಯಲ್ಲಿ ಮೊದಲು ಸ್ಥಳ ಕಳಕೊಳ್ಳುವದು ವಸ್ತುವಲ್ಲ, ಮನುಷ್ಯನು. ಓದುವ ಹುಡುಗಿಗೆ ಕೂತುಕೊಳ್ಳಲಿಕ್ಕೆ ಮೂಲೆಯಿಲ್ಲ. ಹೆತ್ತು ಬಂದ ಮಗಳಿಗೆ ಮಲಗಲಿಕ್ಕೆ ಎಡೆಯಿಲ್ಲ. ದಾರಿಯಲ್ಲಿ ಹೊತ್ತು ಮುಳುಗಿದ ನೆಂಟನಿಗೆ ಚಾಪೆ ಹಾಸಲಿಕ್ಕೆ ನೆಲವಿಲ್ಲ. ಹೊರಗಿನವರಿಗಾದರೋ ಸ್ಥಳವು ತಾನಾಗಿ ದೊರೆಯುತ್ತದೆ. ರಾಶಿಯ ಕೆಳಗೆ ಇಲಿಯು ಗೂಡು ಮಾಡುತ್ತದೆ, ಇಲಿಯನ್ನು ಹುಡುಕುತ್ತಾ ಹಾವು ಬರುತ್ತದೆ. ಹಳೇ ಕಟ್ಟಿಗೆಯಲ್ಲಿ ಚೇಳು ಮರಿ ಹಾಕುತ್ತದೆ. ಹಿತ್ತಲಿನ ಒಡಕು ಡಬ್ಬಿಯಲ್ಲಿಯೂ ಟಯರಿನಲ್ಲಿಯೂ ನಿಂತ ಮಳೆಯ ನೀರಿನಲ್ಲಿ ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆ ಇಡುತ್ತದೆ. ಅಜ್ಜಿಗೆ ಇಲ್ಲದ ಸ್ಥಳವು ಚೇಳಿಗೆ ದೊರೆತ ಮನೆಯನ್ನು ತುಂಬಿದ ಮನೆ ಎಂದು ಹೇಗೆ ಹೇಳೋಣ?

೫. ಬಜಾರಿನ ತೆರವು

ಹಾಗಾದರೆ ಎಲ್ಲವನ್ನೂ ಎತ್ತಿ ಹೊರಗೆ ಹಾಕಿಬಿಡೋಣ ಎಂದು ಉತ್ಸಾಹಿಗಳು ಕಸಬರಿಗೆಯನ್ನು ಹಿಡಿಯಬಹುದು. ಅವರಿಗೋಸ್ಕರವೇ ಹಂಪಿ ಬಜಾರಿನ ಎರಡನೆಯ ಪಾಠವು.

ಪಾಯೆಸನು ಬಂದಾಗ ಆ ಬೀದಿಯ ಮೊಗಸಾಲೆಗಳು ದೂರದಿಂದ ಬಂದ ಯಾತ್ರಿಕರಿಗೆ ತಂಗುವ ಸ್ಥಳಗಳಾಗಿದ್ದವು. ಪಟ್ಟಣವು ಹಾಳಾದ ಮೇಲೆ ಅವು ಬಹುಕಾಲ ಬರಿದಾಗಿದ್ದವು. ತರುವಾಯ ಬಡ ಕುಟುಂಬಗಳು ಅವುಗಳಲ್ಲಿ ನೆಲೆಸಿದವು. ಕಂಬಕ್ಕೂ ಕಂಬಕ್ಕೂ ನಡುವೆ ಗೋಡೆ ಎದ್ದಿತು, ಗೋಡೆಗೆ ಬಾಗಿಲು ಬಂತು, ಮುಂದೆ ಅಂಗಡಿ, ಹಿಂದೆ ಒಲೆ, ಮೇಲೆ ತಗಡು. ೧೯೮೬ರಲ್ಲಿ ಹಂಪಿಯು ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿತು. ನೋಡಲಿಕ್ಕೆ ಬರುವವರು ಹೆಚ್ಚಿದರು. ಅಂಗಡಿಗಳೂ ಊಟದ ಮನೆಗಳೂ ಹೆಚ್ಚಿದವು. ಕಲ್ಲಿನ ಕೆತ್ತನೆಯು ಹೊಗೆಯ ಹಿಂದೆ ಮರೆಯಾಯಿತು. ಇದು ಎಲ್ಲರ ಆಸ್ತಿ, ಕೆಲವರ ಬಳಕೆಯಿಂದ ಕೆಡಬಾರದು, ಎಂದು ಒಂದು ಪಕ್ಷದವರು ಹೇಳಿದರು. ಆ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಕೂಡದು.

ನ್ಯಾಯಾಲಯದ ಆಜ್ಞೆಯನ್ನು ಮುಂದಿಟ್ಟು ೨೦೧೧ನೇ ಜುಲೈ ೨೯ರಂದು ಬಜಾರಿನ ಮನೆಗಳನ್ನೂ ಅಂಗಡಿಗಳನ್ನೂ ಯಂತ್ರಗಳಿಂದ ಕೆಡವಲಾಯಿತು. ಸಾಮಾನು ಎತ್ತಿಕೊಳ್ಳುವದಕ್ಕೆ ತಮಗೆ ಒಂದು ದಿನವೂ ಸರಿಯಾಗಿ ದೊರೆಯಲಿಲ್ಲವೆಂಬದು ಅಲ್ಲಿದ್ದವರ ದೂರು. ನೂರಾರು ಕುಟುಂಬಗಳು ನೆಲೆ ತಪ್ಪಿದವು. ಆಮೇಲೆ ಕಡ್ಡಿರಾಂಪುರದ ಬಳಿಯಲ್ಲಿ ಅವರಿಗೆ ನಿವೇಶನಗಳನ್ನು ಗೊತ್ತುಮಾಡಿದರು. ಬಾಳೆಹಣ್ಣು, ಎಳನೀರು, ಚಹ ಮಾರಿ ಬದುಕುತ್ತಿದ್ದವನಿಗೆ ಯಾತ್ರಿಕರು ಬಾರದ ಸ್ಥಳದಲ್ಲಿ ನಿವೇಶನವು ಮನೆಯಾಗಬಹುದು, ಜೀವನವಾಗಲಾರದು.

ಗೋಡೆಗಳು ನಿಲ್ಲಬೇಕಾಗಿತ್ತೋ ಬೀಳಬೇಕಾಗಿತ್ತೋ ಎಂಬದನ್ನು ತೀರ್ಮಾನಿಸುವದು ಈ ಲೇಖನದ ಕೆಲಸವಲ್ಲ. ಆದರೆ ಇಲ್ಲಿ ಒಂದನ್ನು ಕಲಿಯಬಹುದು. ಒಬ್ಬನ ಕಣ್ಣಿಗೆ ಕಸವಾಗಿ ಕಾಣುವದು ಇನ್ನೊಬ್ಬನ ಮನೆಯಾಗಿರುತ್ತದೆ. ತೆರವು ಮಾಡುವವನು ಕಲ್ಲುಕಂಬವನ್ನು ಮಾತ್ರ ನೋಡಿದರೆ, ಅದರ ನೆರಳಿನಲ್ಲಿ ಕೂತಿರುವ ಮನುಷ್ಯನೂ ತೆಗೆಯತಕ್ಕ ಸಾಮಾನುಗಳ ಲೆಕ್ಕಕ್ಕೆ ಸೇರಿಬಿಡುತ್ತಾನೆ. ೧೫೬೫ರಲ್ಲಿ ಬಂಗಾರವನ್ನು ಉಳಿಸುವ ಆತುರದಲ್ಲಿ ಜನರು ಮರೆತುಹೋದರು. ೨೦೧೧ರಲ್ಲಿ ಕಲ್ಲನ್ನು ಉಳಿಸುವ ಆತುರದಲ್ಲಿ ಜನರು ಹಿಂದೆ ಬಿದ್ದರು. ತುಂಬುವ ಕೈಯೂ ತೆರವು ಮಾಡುವ ಕೈಯೂ ಒಂದೇ ತಪ್ಪನ್ನು ಮಾಡಬಹುದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕೋ?

೬. ಸಾಯಂಕಾಲಕ್ಕೆ ತಿರಿಗಿ ಬರೋಣ

ಈಗ ಸುಣ್ಣ ಒಣಗಿದೆ, ಸಾಮಾನು ಅಂಗಳದಲ್ಲಿದೆ. ಏನು ಮಾಡಬೇಕು?

ಮೊದಲು, ಪ್ರತಿಯೊಬ್ಬನೂ ತನ್ನ ಸ್ವಂತ ಸಾಮಾನಿನಿಂದ ಆರಂಭಿಸಲಿ. ಸೊಸೆಯು ಅತ್ತೆಯ ಗಂಟಿನಿಂದಲೂ, ಗಂಡನು ಹೆಂಡತಿಯ ಡಬ್ಬಿಗಳಿಂದಲೂ ಆರಂಭಿಸಿದರೆ ಆ ದಿನ ಮನೆಯಲ್ಲಿ ತೆರವಾಗುವದು ಸಮಾಧಾನವೇ. ಯಜಮಾನನು ತನ್ನ ಮುರಿದ ಸೈಕಲ್ಲನ್ನು ಮೊದಲು ಹೊರಗೆ ಹಾಕಲಿ. ಆಮೇಲೆ ಅವನ ಮಾತಿಗೆ ತೂಕ ಬರುತ್ತದೆ.

ಎರಡನೆಯದಾಗಿ, ವೃದ್ಧರ ಸಾಮಾನನ್ನು ಅವರ ಅಪ್ಪಣೆಯಿಲ್ಲದೆ ಮುಟ್ಟಬಾರದು. ಅಜ್ಜಿಯ ಗಂಟಿನಲ್ಲಿ ಇರುವದು ನಿಮಗೆ ಚಿಂದಿ. ಅದನ್ನು ಅವಳೇ ಬಿಚ್ಚಿ ಒಂದೊಂದರ ಕಥೆಯನ್ನು ಹೇಳುವದಕ್ಕೆ ಒಂದು ಮಧ್ಯಾಹ್ನವನ್ನು ಕೊಡಿರಿ. ಕಥೆಯನ್ನು ಹೇಳಿದ ಮೇಲೆ ಅನೇಕ ಸಾರಿ ಅವಳೇ, ಇದನ್ನು ಯಾರಿಗಾದರೂ ಕೊಟ್ಟುಬಿಡು, ಎಂದು ಹೇಳುವಳು. ಹೇಳದಿದ್ದರೆ ಗಂಟು ಇರಲಿ; ಅದು ಹಿಡಿಯುವದು ಒಂದು ಮೊಳ ಸ್ಥಳ.

ಮೂರನೆಯದಾಗಿ, ಬೆಂಕಿಗೂ ಹಳ್ಳಕ್ಕೂ ಹಾಕುವ ಮೊದಲು ಬೇಕಾದವರು ಯಾರೆಂದು ಯೋಚಿಸಬೇಕು. ಆದರೆ ನಮಗೆ ಬೇಡವಾದ ಹರಕನ್ನು ಬಡವನ ಬಾಗಿಲಿಗೆ ಹೊತ್ತುಹಾಕಿ ದಾನವೆಂದು ಹೇಳಿಕೊಳ್ಳಬಾರದು. ಅದು ನಮ್ಮ ಕಸವನ್ನು ಅವನ ಮನೆಯಲ್ಲಿ ಇಡುವದಾಗಿದೆ. ಕಾಗದ ಬಿಚ್ಚದ ತಟ್ಟೆಗಳನ್ನು ಕೊಡಿರಿ, ಒಡೆದವುಗಳನ್ನಲ್ಲ. ಪ್ಲಾಸ್ಟಿಕ್ಕನ್ನು ಸುಡಬೇಡಿರಿ, ಅದರ ಹೊಗೆಯು ಮಕ್ಕಳ ಎದೆಗೆ ವಿಷವು.

ನಾಲ್ಕನೆಯದಾಗಿ, ನಾಳೆಗೆ ಬೇಕೆಂದು ಇಡುವದಕ್ಕೆ ಹಗೇವಿನ ನಿಯಮವನ್ನು ಇಡಿರಿ. ವರುಷಕ್ಕೊಂದು ಸಾರಿ ಅದನ್ನು ತೆರೆಯಬೇಕು. ಎರಡು ಸುಗ್ಗಿಗಳು ಕಳೆದರೂ ಯಾರ ಕೈಗೂ ಬಾರದ್ದು ನಾಳೆಗೋಸ್ಕರ ಇಟ್ಟದ್ದಲ್ಲ, ಮರೆವಿಗೋಸ್ಕರ ಇಟ್ಟದ್ದು.

ಕಡೆಯದಾಗಿ, ಎಲ್ಲವನ್ನೂ ಒಳಗೆ ಇಟ್ಟ ಮೇಲೆ ಒಂದು ಮೂಲೆಯು ಬರಿದಾಗಿ ಉಳಿದರೆ, ಅದನ್ನು ತುಂಬಿಸಲಿಕ್ಕೆ ಸಂತೆಗೆ ಓಡಬೇಡಿರಿ. ಮೊದಲು ಅಜ್ಜಿಯ ಮಂಚವನ್ನು ಕೊಟ್ಟಿಗೆಯ ಪಕ್ಕದಿಂದ ಎತ್ತಿ ತಂದು ಅಲ್ಲಿ ಹಾಕಿರಿ. ಇನ್ನೂ ಸ್ಥಳ ಉಳಿದರೆ ಒಂದು ಚಾಪೆಯನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿರಿ. ಹಂಪಿಯ ಆ ಮೊಗಸಾಲೆಗಳನ್ನು ಕಟ್ಟಿದವರು ಕಂಬಗಳ ನಡುವೆ ಬರಿದು ಸ್ಥಳವನ್ನು ಬಿಟ್ಟದ್ದು ಕಲ್ಲು ಸಾಲದೆ ಅಲ್ಲ. ನಡೆದು ಬಂದವನು ಮಲಗಲೆಂದೇ. ಹೊತ್ತು ಮುಳುಗಿದ ಮೇಲೆ ನಿಮ್ಮ ಬಾಗಿಲನ್ನು ತಟ್ಟುವವನಿಗೆ ಗೋಡೆ ಎಷ್ಟು ಬೆಳ್ಳಗಿದೆ ಎಂಬದು ಕತ್ತಲೆಯಲ್ಲಿ ಕಾಣುವದಿಲ್ಲ. ಚಾಪೆ ಹಾಸಲಿಕ್ಕೆ ನೆಲವುಂಟೋ ಇಲ್ಲವೋ ಎಂಬದು ಅವನಿಗೆ ಕೂಡಲೆ ತಿಳಿಯುತ್ತದೆ.